ಡಬ್ಬಿ ಮುಚ್ಚಳದಲ್ಲಿ ತಾಳ: ಪೆರಾಕ್ಸೈಡ್ ಬಲದಿಂದ ಬಡಿಯುವ ಬಿಲ್ಲೆಗಳ ಗುಂಪನ್ನು ಮನೆಯಲ್ಲೇ ಮಾಡುವುದು ಹೇಗೆ

ಅರ್ಧ ಮಿಲಿಮೀಟರ್ ಅಗಲದ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದರ ಅಡಿಯಲ್ಲಿ ಪ್ಲಾಟಿನಂನ ಸಣ್ಣದೊಂದು ಮಚ್ಚೆ. ಇದನ್ನು ಹೈಡ್ರೋಜನ್ ಪೆರಾಕ್ಸೈಡ್ ಹನಿಯ ಮೇಲೆ ತೇಲಿಬಿಟ್ಟರೆ ನೋಡುವಂಥದ್ದು ಏನೂ ಆಗುವುದಿಲ್ಲ. ಅಡಿಯಲ್ಲಿ ಒಂದು ಗುಳ್ಳೆ ಹುಟ್ಟುತ್ತದೆ, ಸ್ವಲ್ಪ ಬೆಳೆಯುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಆದರೆ ಅಂಥದ್ದೇ ಇನ್ನೊಂದು ಬಿಲ್ಲೆಯನ್ನು ಪಕ್ಕದಲ್ಲಿ ಬಿಟ್ಟು ನೋಡಿ. ಎರಡೂ ಹತ್ತಿರ ಬರುತ್ತವೆ, ಎರಡರ ಗುಳ್ಳೆಗಳೂ ಸೇರಿ ಒಂದಾಗುತ್ತವೆ, ಆ ದೊಡ್ಡ ಗುಳ್ಳೆ ಒಡೆಯುತ್ತದೆ, ಬಿಲ್ಲೆಗಳು ದೂರ ಚಿಮ್ಮುತ್ತವೆ, ಮತ್ತೆ ಮೆಲ್ಲಗೆ ಹತ್ತಿರ ಬರುತ್ತವೆ, ಮತ್ತೆ ಅದೇ. ಬ್ಯಾಟರಿ ಇಲ್ಲ, ತಂತಿ ಇಲ್ಲ, ಯಾರೂ ತಾಳ ಹಾಕುತ್ತಿಲ್ಲ. ಆದರೂ ಅದು ಎದೆಬಡಿತದ ಹಾಗೆ ನಡೆಯುತ್ತದೆ.

ಇದನ್ನು ಮಾಡಿ ತೋರಿಸಿದ್ದು ಅಮೆರಿಕದ ಎಂಐಟಿಯಲ್ಲಿ ಮೈಕೆಲ್ ಸ್ಟ್ರಾನೋ ಅವರ ತಂಡದ ಜಿಂಗ್‌ಫಾನ್ ಯಾಂಗ್ ಮತ್ತು ಜೊತೆಗಾರರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಥಾಮಸ್ ಬೆರುಯೆಟಾ, ಟಾಡ್ ಮರ್ಫಿ ಕೂಡ ಕೈಜೋಡಿಸಿದ್ದರು. ಪ್ರಬಂಧ ಬಂದದ್ದು 2022ರಲ್ಲಿ, ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಬಿಲ್ಲೆಗಳ ಬಡಿತ ಅಲ್ಲ, ಅದರ ಮುಂದಿನ ಮಾತು. ಒಂದೇ ತರದ ಬಿಲ್ಲೆಗಳನ್ನು ಸೇರಿಸುತ್ತಾ ಹೋದರೆ ತಾಳ ಕೆಡುತ್ತದೆ. ಆ ಗುಂಪಿಗೆ ಒಂದೇ ಒಂದು ಬೇರೆ ತರದ ಬಿಲ್ಲೆ, ಅಂದರೆ ಪ್ಲಾಟಿನಂ ಮಚ್ಚೆ ಬೇರೆ ಅಳತೆಯದಾಗಿರುವ ಬಿಲ್ಲೆಯನ್ನು ಸೇರಿಸಿದರೆ ತಾಳ ಮತ್ತೆ ಕೂಡುತ್ತದೆ. ಎಲ್ಲವೂ ಸಮ ಇದ್ದಾಗ ಗದ್ದಲ, ಒಂದು ಬೇರೆ ಇದ್ದಾಗ ಕ್ರಮ. ಈ ಮಾತನ್ನು ಓದಿ ತಲೆಯಾಡಿಸುವುದು ಸುಲಭ. ಕಣ್ಣಾರೆ ನೋಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ಲಾಟಿನಂ ನಮಗೆ ಬೇಡ. ಬೇಕರಿಗೆ ಹಾಕುವ ಯೀಸ್ಟ್ ಸಾಕು. ಯೀಸ್ಟ್ ಜೀವಕೋಶದಲ್ಲಿ ಕ್ಯಾಟಲೇಸ್ ಎನ್ನುವ ಕಿಣ್ವ ಇದೆ. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುವ ಕೆಲಸವನ್ನು ಪ್ಲಾಟಿನಂ ಮಾಡುವ ಹಾಗೆಯೇ ಇದೂ ಮಾಡುತ್ತದೆ. ನಮ್ಮ ಬಿಲ್ಲೆ ಅರ್ಧ ಮಿಲಿಮೀಟರಿನದಲ್ಲ, ಆರು ಮಿಲಿಮೀಟರಿನದು, ಹಾಗಾಗಿ ಎಂಐಟಿಯಲ್ಲಿ ಬಂದಷ್ಟು ಅಚ್ಚುಕಟ್ಟು ತಾಳ ಬರುತ್ತದೆ ಅಂತ ಕಾಯಬೇಡಿ. ಆದರೆ ದೊಡ್ಡ ಬಿಲ್ಲೆ ಹೊಸ ಉಪಾಯವೂ ಅಲ್ಲ. 2002ರಲ್ಲೇ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಸೆಂಟಿಮೀಟರ್ ಅಳತೆಯ ತಟ್ಟೆಗಳಿಗೆ ಪ್ಲಾಟಿನಂ ಕಟ್ಟಿ, ಪೆರಾಕ್ಸೈಡ್ ಮೇಲೆ ಗುಳ್ಳೆಗಳ ಬಲದಿಂದ ಓಡಾಡಿಸಿತ್ತು. ತಾವಾಗಿ ಓಡಾಡುವ ಸಣ್ಣ ಕಣಗಳ ಕತೆ ಶುರುವಾದದ್ದೇ ಅಂಥ ದೊಡ್ಡ ತಟ್ಟೆಗಳ ಆಸುಪಾಸಿನಲ್ಲಿ.

ಏನೇನು ಬೇಕು

ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ. ಲೇಬಲ್ ಓದಿಯೇ ತನ್ನಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 20 ವಾಲ್ಯೂಮ್, ಅಂದರೆ ಸುಮಾರು ಶೇ 6. ಇಂಟರ್‌ನೆಟ್ಟಿನಲ್ಲಿ ಹೊರದೇಶದವರು ಬರೆದ ಪ್ರಯೋಗಗಳಲ್ಲಿ ಶೇ 3 ಅಂತ ಇರುತ್ತದೆ, ಅದನ್ನು ನೋಡಿ ನಮ್ಮ ಬಾಟಲಿಯಿಂದ ನೇರವಾಗಿ ಸುರಿದರೆ ದುಪ್ಪಟ್ಟು ಆಯಿತು. ಅಷ್ಟೇ ಅಳತೆ ನೀರು ಬೆರೆಸಿದರೆ ಶೇ 3 ಆಗುತ್ತದೆ. ವಾಲ್ಯೂಮ್ ಅನ್ನುವ ಲೆಕ್ಕ ಸರಳ: 20 ವಾಲ್ಯೂಮ್ ಅಂದರೆ ಒಂದು ಮಿಲಿಲೀಟರ್ ದ್ರಾವಣ ಪೂರ್ತಿ ಒಡೆದರೆ 20 ಮಿಲಿಲೀಟರ್ ಆಮ್ಲಜನಕ ಬರುತ್ತದೆ.

ಇದೇ ಲೆಕ್ಕದಿಂದ ಒಂದು ಎಚ್ಚರಿಕೆ. ಯೀಸ್ಟ್ ತಾಗಿದ ಪೆರಾಕ್ಸೈಡನ್ನು ಯಾವತ್ತೂ ಬಾಟಲಿಗೆ ವಾಪಸ್ ಸುರಿಯಬೇಡಿ, ಮುಚ್ಚಳ ಬಿಗಿಯಬೇಡಿ. ನೂರು ಮಿಲಿಲೀಟರಿನಿಂದ ಎರಡು ಲೀಟರ್ ಅನಿಲ ಬರುತ್ತದೆ ಅಂದರೆ ಬಾಟಲಿ ಏನಾಗುತ್ತದೆ ಯೋಚಿಸಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಶೇ 6 ತಾಗಿದರೂ ಚರ್ಮ ಬೆಳ್ಳಗಾಗಿ ಚುರುಗುಟ್ಟುತ್ತದೆ. ಕೈಗಾರಿಕೆಗೆ ಮಾರುವ ಶೇ 30ರ ಪೆರಾಕ್ಸೈಡ್ ಮನೆಗೆ ತರಲೇಬೇಡಿ. ಈ ಪ್ರಯೋಗಕ್ಕೆ ಅದು ಕೆಲಸಕ್ಕೂ ಬರುವುದಿಲ್ಲ. ನಮಗೆ ಬೇಕಾಗಿರುವುದು ಕಡಿಮೆ ತೀಕ್ಷ್ಣತೆ, ಜಾಸ್ತಿ ಅಲ್ಲ.

ನೀರು ಬ್ಯಾಟರಿ ನೀರೇ ಆಗಲಿ, ಅದು ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಮತ್ತಿತರ ಲೋಹಗಳಿದ್ದರೆ ಅವೇ ಪೆರಾಕ್ಸೈಡನ್ನು ಒಡೆಯಲು ಶುರು ಮಾಡುತ್ತವೆ, ಆಮೇಲೆ ಯಾವ ಗುಳ್ಳೆ ಯೀಸ್ಟಿನದು, ಯಾವುದು ನೀರಿನದು ಅಂತ ಹೇಳಲು ಆಗುವುದಿಲ್ಲ. ಅದೇ ಕಾರಣಕ್ಕೆ ಪಾತ್ರೆಗಳು ಗಾಜು ಅಥವಾ ಪ್ಲಾಸ್ಟಿಕ್ ಆಗಿರಲಿ, ಸ್ಟೀಲ್ ಬೇಡ.

ಆಮೇಲೆ ಸೋಡಿಯಂ ಆಲ್ಜಿನೇಟ್ (ನೀರಿನಲ್ಲಿ ಕದಡಿ ಕ್ಯಾಲ್ಸಿಯಂ ತಾಗಿಸಿದರೆ ಜೆಲ್ ಆಗಿ ಗಟ್ಟಿಯಾಗುವ ಪುಡಿ) ಮತ್ತು ಕ್ಯಾಲ್ಸಿಯಂ ಕ್ಲೋರೈಡ್. ಎರಡೂ ಅಡುಗೆಗೆ ಬಳಸುವ ದರ್ಜೆಯದೇ ಆನ್‌ಲೈನಿನಲ್ಲಿ ಸಿಗುತ್ತದೆ. ಡ್ರೈ ಯೀಸ್ಟ್. ಸೂಜಿ ಇಲ್ಲದ 5 ಮಿಲಿಲೀಟರ್ ಸಿರಿಂಜ್ ಒಂದು, ಇನ್ಸುಲಿನ್ ಸಿರಿಂಜ್ ಒಂದು (ಕಿತ್ತಳೆ ಮುಚ್ಚಳದ ಯು-100, ಅದರಲ್ಲಿ ಒಂದು ಯೂನಿಟ್ ಅಂದರೆ 0.01 ಮಿಲಿಲೀಟರ್, ಕೆಂಪು ಮುಚ್ಚಳದ ಯು-40 ತಂದರೆ ಲೆಕ್ಕ ಬದಲಾಗುತ್ತದೆ). ಕಾಗದಕ್ಕೆ ತೂತು ಹಾಕುವ ಆಫೀಸ್ ಪಂಚ್, ಪಾರದರ್ಶಕ ಪ್ಲಾಸ್ಟಿಕ್ ಫೈಲ್ ಕವರ್, ಸ್ಯಾಂಡ್‌ಪೇಪರ್, ನಾಲ್ಕೈದು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಡಬ್ಬಿ ಮುಚ್ಚಳ. ವಿಡಿಯೋ ತೆಗೆಯಲು ಮೊಬೈಲ್.

ಮೊದಲು ಗೋಲಿಗಳ ಮೇಲೆ ಕೈ ಪಳಗಿಸಿ

ನೇರ ಬಿಲ್ಲೆಗೆ ಹೋಗಬೇಡಿ. ಮೊದಲು ಯೀಸ್ಟ್ ಗೋಲಿ ಮಾಡಿ, ಒಂಟಿ ಗೋಲಿ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಇದರಲ್ಲಿ ಕೈ ಕೂತರೆ ಮುಂದಿನದೆಲ್ಲ ಸಲೀಸು.

ನೂರು ಮಿಲಿಲೀಟರ್ ಬ್ಯಾಟರಿ ನೀರಿಗೆ 2 ಗ್ರಾಂ ಆಲ್ಜಿನೇಟ್. ಒಂದೇ ಸಲ ಸುರಿದರೆ ಉಂಡೆ ಕಟ್ಟುತ್ತದೆ, ರಾಗಿ ಹಿಟ್ಟು ಕದಡುವ ಹಾಗೆ ಸ್ವಲ್ಪ ಸ್ವಲ್ಪ ಉದುರಿಸುತ್ತಾ ಕಲಕಿ, ಆಮೇಲೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ಜೇನಿನ ಹಾಗೆ ನಯವಾಗಿರುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿಯೂ ಹೊರಟು ಹೋಗಿರುತ್ತದೆ. 2 ಗ್ರಾಂ ಯೀಸ್ಟನ್ನು 20 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಹತ್ತು ನಿಮಿಷ ಬಿಡಿ. ಸಕ್ಕರೆ ಹಾಕಬೇಡಿ, ಹಾಕಿದರೆ ಯೀಸ್ಟ್ ಇಂಗಾಲದ ಡೈಆಕ್ಸೈಡ್ ಬಿಡಲು ಶುರು ಮಾಡಿ ಲೆಕ್ಕ ಕಲಸುಮೇಲೋಗರ ಆಗುತ್ತದೆ. 50 ಮಿಲಿಲೀಟರ್ ಆಲ್ಜಿನೇಟಿಗೆ 10 ಮಿಲಿಲೀಟರ್ ಯೀಸ್ಟ್ ನೀರು ಬೆರೆಸಿ. ಇದರಲ್ಲಿ ಅರ್ಧವನ್ನು ಬಿಲ್ಲೆಗಳಿಗಾಗಿ ಎತ್ತಿಡಿ, ಫ್ರಿಜ್ಜಿನಲ್ಲಿ.

ಉಳಿದ ಅರ್ಧಕ್ಕೆ ತೂಕ ಸೇರಿಸಬೇಕು. ಇಲ್ಲದಿದ್ದರೆ ಗೋಲಿ ನೀರಿನಷ್ಟೇ ಹಗುರ ಇರುತ್ತದೆ, ಒಂದು ಸಲ ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ. ನಾನು ಮೊದಲು ಹಾಕಿದ್ದು ಬೋರ್ಡಿನ ಚಾಕ್ ಪುಡಿ. ಕಲಕುತ್ತಿರುವಾಗಲೇ ಇಡೀ ಲೋಟ ಗಟ್ಟಿ ಮೊಸರಾಯಿತು. ಚಾಕ್ ಬಹುತೇಕ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಮತ್ತು ಆಲ್ಜಿನೇಟನ್ನು ಗಟ್ಟಿ ಮಾಡುವುದೇ ಕ್ಯಾಲ್ಸಿಯಂ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವ ಪುಡಿಯೂ ಇದೇ ಜೋಡಿಯಿಂದ ಗಟ್ಟಿಯಾಗುತ್ತದೆ. ಚಾಕ್ ಬೇಡ, ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಮರಳು ಹಾಕಿ, ಅರ್ಧ ಟೀ ಚಮಚ. ಅದಕ್ಕೂ ಮೊದಲು ಆ ಮರಳನ್ನು ವಿನಿಗರ್‌ನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಒಂದು ಚಿಟಿಕೆಯನ್ನು ಪೆರಾಕ್ಸೈಡಿಗೆ ಹಾಕಿ ನೋಡಿ. ಬರೀ ಮರಳೇ ಗುಳ್ಳೆ ಬಿಟ್ಟರೆ ಆ ಮರಳು ನಡೆಯುವುದಿಲ್ಲ.

ನೂರು ಮಿಲಿಲೀಟರ್ ನೀರಿಗೆ 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಹತ್ತು ಸೆಂಟಿಮೀಟರ್ ಮೇಲಿನಿಂದ ಸಿರಿಂಜಿನಲ್ಲಿ ಹನಿಹನಿಯಾಗಿ ಬಿಡಿ. ಬೂಂದಿ ಕರಿಯುವುದನ್ನು ನೋಡಿದ್ದೀರಲ್ವಾ, ಹಾಗೆಯೇ, ಬಿದ್ದ ಹನಿ ಬಿದ್ದಲ್ಲೇ ಗೋಲಿಯಾಗುತ್ತದೆ. ಹದಿನೈದು ನಿಮಿಷ ಬಿಟ್ಟು, ತೊಳೆದು, ಉದ್ದನೆಯ ಗಾಜಿನ ಲೋಟದಲ್ಲಿ ಶೇ 1.5ರ ಪೆರಾಕ್ಸೈಡ್ ತುಂಬಿ ಒಂದು ಗೋಲಿ ಹಾಕಿ. ಮುಳುಗುತ್ತದೆ. ಮೈಗೆಲ್ಲ ಗುಳ್ಳೆ ಅಂಟಿಕೊಳ್ಳುತ್ತವೆ. ಏಳುತ್ತದೆ. ಮೇಲೆ ಬಂದು ಗುಳ್ಳೆಗಳು ಗಾಳಿಗೆ ಒಡೆದುಹೋದರೆ ಮತ್ತೆ ಮುಳುಗುತ್ತದೆ.

ಏಳಲೇ ಇಲ್ಲವಾ? ಮರಳು ಜಾಸ್ತಿ. ಎದ್ದದ್ದು ಇಳಿಯುವುದೇ ಇಲ್ಲವಾ? ಮರಳು ಕಡಿಮೆ, ಇಲ್ಲವೇ ಪೆರಾಕ್ಸೈಡ್ ಜಾಸ್ತಿ, ಇಲ್ಲವೇ ಲೋಟದಲ್ಲಿ ಸೋಪಿನ ಪಸೆ ಉಳಿದಿದೆ. ಸೋಪು ಗುಳ್ಳೆಯನ್ನು ಒಡೆಯಲು ಬಿಡುವುದಿಲ್ಲ, ಗುಳ್ಳೆ ಒಡೆಯದಿದ್ದರೆ ತಾಳವೇ ಇಲ್ಲ. ಪಾತ್ರೆಗಳನ್ನು ಬಿಸಿನೀರಿನಲ್ಲಿ ನಾಲ್ಕೈದು ಸಲ ಜಾಲಾಡಿ.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಸ್ಟೀಫನ್ ಮ್ಯಾನ್ ಅವರ ತಂಡ 2018ರಲ್ಲಿ ಇದೇ ತತ್ವವನ್ನು ಜೇಡಿಮಣ್ಣು ಮತ್ತು ಡಿಎನ್‌ಎಯಿಂದ ಮಾಡಿದ ಸಣ್ಣ ಕೋಶಗಳಲ್ಲಿ ತೋರಿಸಿತು. ಅವರು ಕ್ಯಾಟಲೇಸ್ ಜೊತೆಗೆ ಆಮ್ಲಜನಕವನ್ನು ತಿನ್ನುವ ಇನ್ನೊಂದು ಕಿಣ್ವವನ್ನೂ ಇಟ್ಟಿದ್ದರು, ಒಂದು ಏರಿಸಿದರೆ ಇನ್ನೊಂದು ಇಳಿಸುತ್ತಿತ್ತು. ನಮ್ಮಲ್ಲಿ ಇಳಿಸುವ ಕೆಲಸ ಗುಳ್ಳೆ ಒಡೆಯುವುದರದು. ಯಾವುದೇ ಬಡಿತಕ್ಕೂ ಈ ಎರಡು ಬೇಕೇ ಬೇಕು: ಮೆಲ್ಲಗೆ ಕೂಡಿಡುವ ಒಂದು ಕೈ, ಒಂದು ಮಿತಿ ದಾಟಿದಾಗ ತಟ್ಟನೆ ಖಾಲಿ ಮಾಡುವ ಇನ್ನೊಂದು ಕೈ. ಗೋಲಿ ಮೇಲೆ ಕೆಳಗೆ ಆಡುವುದನ್ನು ಹತ್ತು ನಿಮಿಷ ಸುಮ್ನೆ ಕೂತು ನೋಡಿದರೆ ಇದು ಪಾಠ ಇಲ್ಲದೆಯೇ ಗೊತ್ತಾಗುತ್ತದೆ.

ಈಗ ಬಿಲ್ಲೆಗಳು

ಫೈಲ್ ಕವರನ್ನು ಒಂದು ಬದಿ ಸ್ಯಾಂಡ್‌ಪೇಪರಿನಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ಪಂಚ್ ಮಾಡಿ. ಬೀಳುವ ಬಿಲ್ಲೆಗಳು ಸುಮಾರು ಆರು ಮಿಲಿಮೀಟರ್. ಕವರ್ ಪಾಲಿಪ್ರೊಪಿಲೀನ್ ಆಗಿರಲಿ, ಅದು ನೀರಿಗಿಂತ ಹಗುರ, ತಾನೇ ತೇಲುತ್ತದೆ. ಒಂದು ಚೂರು ನೀರಿನೊಳಗೆ ಒತ್ತಿ ಬಿಟ್ಟರೆ ಮೇಲೆ ಬರಬೇಕು, ಅದೇ ಪರೀಕ್ಷೆ. ಬಿಲ್ಲೆಯ ನಡುವೆ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ. ಜೆಲ್ ಆ ತೂತಿನೊಳಗೆ ಇಳಿದು ಗುಂಡಿಯ ಹಾಗೆ ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ನುಣುಪು ಪ್ಲಾಸ್ಟಿಕ್ಕಿನಿಂದ ಕಳಚಿ ಬೀಳುತ್ತದೆ.

ಉಜ್ಜಿದ ಬದಿ ಮೇಲೆ ಬರುವಂತೆ ಇಟ್ಟು, ಎತ್ತಿಟ್ಟ (ಮರಳು ಹಾಕದ) ಯೀಸ್ಟ್ ಮಿಶ್ರಣವನ್ನು ಇನ್ಸುಲಿನ್ ಸಿರಿಂಜಿನಿಂದ ಒಂದು ಯೂನಿಟ್ ಮಾತ್ರ ನಡುವೆ ಇಡಿ. ಎಲ್ಲ ಬಿಲ್ಲೆಗೂ ಒಂದೇ ಅಳತೆ, ಇದರಲ್ಲಿ ಅವಸರ ಮಾಡಬೇಡಿ. ಮುಂದೆ ಸಮ ಇರುವವು ಏನು ಮಾಡುತ್ತವೆ ಅಂತ ಕೇಳಲಿಕ್ಕಿದೆ, ಅವು ನಿಜವಾಗಿ ಸಮ ಇರಬೇಕಲ್ಲ. ಚುಕ್ಕಿಯ ಮೇಲೆ ಒಂದು ಹನಿ ಕ್ಯಾಲ್ಸಿಯಂ ನೀರು ಬಿಟ್ಟು ಐದು ನಿಮಿಷ ಕಾದು, ಬಿಲ್ಲೆಯನ್ನು ಪೂರ್ತಿ ಕ್ಯಾಲ್ಸಿಯಂ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ. ಒಣಗಲು ಬಿಡಬೇಡಿ. ಶುರುವಿಗೆ ಹತ್ತು ಬಿಲ್ಲೆ ಇಂಥವು ಮಾಡಿ, ಮುಗಿದಂತೆ ಮತ್ತೆ ಮಾಡಿಕೊಳ್ಳಿ. ಇನ್ನೆರಡು ಬಿಲ್ಲೆಗೆ ಎರಡು ಯೂನಿಟ್ ಹಾಕಿ, ಬೇರೆ ಕಾಣುವಂತೆ ಚುಕ್ಕಿ ಇಲ್ಲದ ಬದಿಗೆ ಪರ್ಮನೆಂಟ್ ಮಾರ್ಕರ್‌ನಿಂದ ಗುರುತು ಮಾಡಿ ಪಕ್ಕಕ್ಕಿಡಿ. ಇನ್ನೆರಡಕ್ಕೆ ಕುದಿಸಿ ತಣಿಸಿದ ಯೀಸ್ಟ್ ಹಾಕಿದ ಚುಕ್ಕಿ ಇಡಿ, ಇವು ಸತ್ತ ಬಿಲ್ಲೆಗಳು. ಗಾಳಿಗೋ ಮೇಜಿನ ಅಲುಗಾಟಕ್ಕೋ ಬಿಲ್ಲೆ ಓಡಾಡುತ್ತಿದ್ದರೆ ಇವೂ ಓಡಾಡುತ್ತವೆ, ಆಗ ಮೋಸ ಗೊತ್ತಾಗುತ್ತದೆ. ಫ್ಯಾನ್ ಅಂತೂ ಆಫ್ ಇರಲಿ.

ಡಬ್ಬಿ ಮುಚ್ಚಳವನ್ನು ಅಂಗಾತ ಇಟ್ಟು, ತುಳುಕುವ ಅಂಚಿನವರೆಗೆ, ಅಂಚಿಗಿಂತ ಸ್ವಲ್ಪ ಉಬ್ಬಿ ನಿಲ್ಲುವವರೆಗೆ ದ್ರಾವಣ ತುಂಬಿ. ಈ ಉಬ್ಬು ಬಹಳ ಮುಖ್ಯ. ತುಂಬದ ಪಾತ್ರೆಯಲ್ಲಿ ತೇಲುವ ವಸ್ತು ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ, ಉಬ್ಬಿದ ಪಾತ್ರೆಯಲ್ಲಿ ನಡುವೆ ಬರುತ್ತದೆ. ಎಂಐಟಿಯವರು ಬಾಗಿದ ಹನಿಯ ಮೇಲೆ ಬಿಲ್ಲೆ ತೇಲಿಸಿದ್ದೂ ಅದಕ್ಕೇ. ಜೊತೆಗೆ ತೇಲುವ ವಸ್ತುಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ. ಹಾಲಿನ ಬಟ್ಟಲಿನಲ್ಲಿ ಕಾರ್ನ್‌ಫ್ಲೇಕ್ಸ್ ಗುಂಪು ಕಟ್ಟುವುದು ಇದರಿಂದಲೇ, ಅಮೆರಿಕದಲ್ಲಿ ಇದಕ್ಕೆ ಚೀರಿಯೋಸ್ ಎಫೆಕ್ಟ್ ಅಂತಲೇ ಹೆಸರು. ನೀರಿನ ಮೇಲ್ಮೈ ಪ್ರತಿ ಬಿಲ್ಲೆಯ ಸುತ್ತ ಸ್ವಲ್ಪ ಬಾಗುತ್ತದೆ, ಆ ಬಾಗು ಮೂರು ಮಿಲಿಮೀಟರಿಗಿಂತ ಚೂರು ಕಡಿಮೆ ದೂರದಲ್ಲಿ ಸಪಾಟಾಗುತ್ತಾ ಬರುತ್ತದೆ. ಎರಡು ಬಾಗುಗಳು ತಾಗಿದರೆ ಬಿಲ್ಲೆಗಳು ಪರಸ್ಪರ ಜಾರಿಕೊಂಡು ಬರುತ್ತವೆ. ಗುಳ್ಳೆ ಒಡೆದು ದೂರ ತಳ್ಳುತ್ತದೆ, ಇದು ವಾಪಸ್ ತರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ಹೆಜ್ಜೆ, ಬಹಳ ಜನ ತಪ್ಪುವುದೂ ಇಲ್ಲೇ. ನೇರವಾಗಿ ಶೇ 3ರಲ್ಲಿ ಆರು ಬಿಲ್ಲೆ ಬಿಟ್ಟರೆ ಎಲ್ಲವೂ ನೊರೆ ಕಾರುತ್ತಾ ಒದ್ದಾಡುತ್ತವೆ, ನೋಡಲು ಚೆಂದ, ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂಟಿ ಬಿಲ್ಲೆ ಸುಮ್ಮನಿರುವ ತೀಕ್ಷ್ಣತೆಯನ್ನು ಮೊದಲು ಹುಡುಕಬೇಕು. ಶೇ 3ರಿಂದ ಶುರು ಮಾಡಿ, ಪ್ರತಿ ಸಲ ಅರ್ಧಕ್ಕೆ ಇಳಿಸಿ: 1.5, 0.75, 0.4. ಒಂದೇ ಬಿಲ್ಲೆಯನ್ನು ಚುಕ್ಕಿ ಅಡಿಗೆ ಬರುವಂತೆ ಮಗುಚಿ ಬಿಟ್ಟು ಮೂರು ನಿಮಿಷ ನೋಡಿ. ಗುಳ್ಳೆ ಇರಬೇಕು, ಆದರೆ ಅದು ಜಾರಿ ಒಡೆಯಬಾರದು. ಬರುವ ಆಮ್ಲಜನಕವೂ ಗುಳ್ಳೆಯಿಂದ ಸೋರಿ ಹೋಗುವ ಆಮ್ಲಜನಕವೂ ಹೆಚ್ಚುಕಡಿಮೆ ಸರಿಸಮ ಇರುವ ಜಾಗ ಅದು. ಆ ಜಾಗ ಸಿಕ್ಕ ಮೇಲೆ ಎರಡನೆಯ ಬಿಲ್ಲೆ ಬಿಡಿ. ಎರಡು ಗುಳ್ಳೆ ಸೇರಿ ದೊಡ್ಡದಾದ ಮೇಲೆ ಅದು ನಿಲ್ಲುವ ಅಳತೆ ದಾಟುತ್ತದೆ, ಒಡೆಯುತ್ತದೆ. ಒಂಟಿಯಾಗಿ ಯಾವುದೂ ಮಾಡದ ಕೆಲಸವನ್ನು ಜೋಡಿ ಮಾಡುವುದನ್ನು ನೋಡಿದಾಗ ನನಗೆ ಆದ ಖುಷಿಯನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಎರಡು ಬಿಟ್ಟರೂ ಏನೂ ಆಗದಿದ್ದರೆ ತೀಕ್ಷ್ಣತೆಯನ್ನು ಚೂರೇ ಚೂರು ಏರಿಸಿ. ಬಿಲ್ಲೆ ಮಗುಚಿಕೊಂಡರೆ ಚುಕ್ಕಿ ನಡುವೆ ಇಲ್ಲ ಅಂತ ಅರ್ಥ, ಅದನ್ನು ಬಿಟ್ಟು ಬೇರೆ ತೆಗೆದುಕೊಳ್ಳಿ.

ತಾಳ ಇದೆಯಾ ಇಲ್ಲವಾ, ಅಳೆದು ನೋಡಿ

ನಮ್ಮ ಕಣ್ಣಿಗೆ ತಾಳ ಕಾಣುವ ಆಸೆ ಬಹಳ. ಹಂಚಿನ ಮೇಲಿಂದ ಬೀಳುವ ಮಳೆ ಹನಿಯಲ್ಲೂ ತಾಳ ಕೇಳುತ್ತದೆ. ಅದಕ್ಕೇ ಅಳೆಯಬೇಕು. ಮೊಬೈಲನ್ನು ಎರಡು ಪುಸ್ತಕದ ಗೋಪುರದ ನಡುವೆ ಅಡ್ಡ ಇಟ್ಟು, ಮೇಲಿನಿಂದ ನೇರ ಕೆಳಗೆ ವಿಡಿಯೋ ತೆಗೆಯಿರಿ. ಸೆಕೆಂಡಿಗೆ 60 ಫ್ರೇಮ್ ಸಾಕು. ಮುಚ್ಚಳದ ಕೆಳಗೆ ಕಪ್ಪು ಕಾಗದ, ಪಕ್ಕದಿಂದ ಟಾರ್ಚ್ ಬೆಳಕು, ಆಗ ಗುಳ್ಳೆ ಮಿರಮಿರ ಕಾಣುತ್ತದೆ. ಪ್ರತಿ ಒಡೆತದ ಸಮಯ ಬರೆದುಕೊಳ್ಳಿ, ಕನಿಷ್ಠ ಇಪ್ಪತ್ತು ಒಡೆತ. ಬಿಲ್ಲೆಗಳ ನಡುವಿನ ದೂರವನ್ನೂ ಹಿಡಿಯಬೇಕು ಅಂದರೆ ಟ್ರ್ಯಾಕರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಭೌತಶಾಸ್ತ್ರದ ಮೇಷ್ಟ್ರುಗಳು ಬಳಸುವಂಥದ್ದು, ವಿಡಿಯೋ ಹಾಕಿದರೆ ಫ್ರೇಮ್ ಫ್ರೇಮ್‌ಗೂ ಜಾಗ ಗುರುತಿಸುತ್ತದೆ.

ಒಂದು ಒಡೆತದಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ಅನ್ನುವ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಸರಾಸರಿ ತೆಗೆಯಿರಿ. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಅದನ್ನೂ ತೆಗೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ ಸೊನ್ನೆಯ ಹತ್ತಿರ ಇದ್ದರೆ ಗಡಿಯಾರ. ಒಂದರ ಹತ್ತಿರ ಇದ್ದರೆ ಒಡೆತಕ್ಕೂ ಒಡೆತಕ್ಕೂ ಸಂಬಂಧವೇ ಇಲ್ಲ, ಮಳೆ ಹನಿಯ ಹಾಗೆ ಮನಸ್ಸಿಗೆ ಬಂದಾಗ ಬೀಳುತ್ತಿದೆ. ಈ ಒಂದೇ ಒಂದು ಅಂಕಿ ನಿಮ್ಮ ಇಡೀ ಪ್ರಯೋಗದ ಬೆನ್ನೆಲುಬು. ಎರಡು ಬಿಲ್ಲೆಗೆ ಎಷ್ಟು ಬಂತು, ಮೂರಕ್ಕೆ ಎಷ್ಟು, ಐದಕ್ಕೆ ಎಷ್ಟು ಅಂತ ಬರೆದಿಡಿ.

ಒಂದು ವಿಷಯ ಮರೆಯಬೇಡಿ. ಪೆರಾಕ್ಸೈಡ್ ಖರ್ಚಾಗುತ್ತಾ ಹೋಗುತ್ತದೆ, ಅದೇ ಪೆರಾಕ್ಸೈಡ್ ಕ್ಯಾಟಲೇಸನ್ನೂ ಮೆಲ್ಲಗೆ ಕೆಡಿಸುತ್ತದೆ. ಹಾಗಾಗಿ ಬಡಿತ ಹೊತ್ತು ಹೋದಂತೆ ನಿಧಾನ ಆಗುತ್ತದೆ. ಮೊದಲ ಐದು ನಿಮಿಷದ ಮತ್ತು ಕೊನೆಯ ಐದು ನಿಮಿಷದ ಅಂಕಿಗಳನ್ನು ಒಟ್ಟಿಗೆ ಹಾಕಿದರೆ ತಾಳ ಇದ್ದರೂ ಇಲ್ಲ ಅಂತ ಉತ್ತರ ಬರುತ್ತದೆ. ಪ್ರತಿ ಸಲ ಹೊಸ ದ್ರಾವಣ, ಹೊಸ ಬಿಲ್ಲೆ, ಅಷ್ಟೇ ಹೊತ್ತು. ಬೇಸಗೆ ಮಧ್ಯಾಹ್ನದ ಅಂಕಿಯನ್ನು ರಾತ್ರಿಯದಕ್ಕೆ ಹೋಲಿಸಬೇಡಿ, ಬಿಸಿಗೆ ಕಿಣ್ವ ಜೋರಾಗಿ ಕೆಲಸ ಮಾಡುತ್ತದೆ.

ಮುಂದಾಳನ್ನು ಇಳಿಸುವುದು

ಐದು ಸಮ ಬಿಲ್ಲೆ ಬಿಟ್ಟು, ಅಳೆದು, ಬರೆದಾಯಿತು. ಈಗ ಹೊಸ ದ್ರಾವಣದಲ್ಲಿ ನಾಲ್ಕು ಸಮ ಬಿಲ್ಲೆ ಮತ್ತು ಗುರುತು ಹಾಕಿದ ಎರಡು ಯೂನಿಟ್‌ನ ಒಂದು ಬಿಲ್ಲೆ. ಎಂಐಟಿಯವರು ಇದನ್ನು ಲೀಡರ್ ಅಂತಲೇ ಕರೆದರು. ಲೀಡರ್ ಅಂದ ಮಾತ್ರಕ್ಕೆ ಅದು ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಎಲ್ಲವೂ ಸಮ ಇದ್ದಾಗ ಗುಳ್ಳೆಗಳು ಸೇರಿ ದೊಡ್ಡದಾಗುವ ಜಾಗ ಪ್ರತಿ ಸಲ ಬೇರೆ. ಒಂದು ಸಲ ಈ ಜೋಡಿಯ ಅಡಿ, ಇನ್ನೊಂದು ಸಲ ಆ ಮೂರರ ನಡುವೆ. ಜಾಗ ಬದಲಾದರೆ ಹೊತ್ತೂ ಬದಲಾಗುತ್ತದೆ. ಒಂದು ಬಿಲ್ಲೆ ಜಾಸ್ತಿ ಅನಿಲ ಬಿಡುತ್ತಿದ್ದರೆ ದೊಡ್ಡ ಗುಳ್ಳೆ ಯಾವಾಗಲೂ ಅದರ ಹತ್ತಿರವೇ ಬೆಳೆಯುತ್ತದೆ, ಸುತ್ತಲಿನ ಸಣ್ಣ ಗುಳ್ಳೆಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಒಡೆದಾಗ ಎಲ್ಲರ ಲೆಕ್ಕವೂ ಒಟ್ಟಿಗೆ ಸೊನ್ನೆಗೆ ಬರುತ್ತದೆ. ಭಜನೆಯಲ್ಲಿ ತಾಳ ಹಿಡಿದವರು ಒಬ್ಬರೇ ಇದ್ದರೆ ಉಳಿದವರ ಚಪ್ಪಾಳೆ ತಾನಾಗಿ ಕೂಡುತ್ತದಲ್ಲ, ಹಾಗೆ.

ನಿಮ್ಮ ಅಂಕಿ ಇಳಿಯಿತಾ ನೋಡಿ. ಇಳಿಯದಿದ್ದರೆ ಎರಡು ಕಾರಣ ಹುಡುಕಿ. ಲೀಡರ್ ತೀರಾ ಜೋರಾಗಿರಬಹುದು: ಅದನ್ನೊಂದನ್ನೇ ಬಿಟ್ಟು ನೋಡಿದರೆ ಒಂಟಿಯಾಗಿಯೇ ಒಡೆಯುತ್ತಿರುತ್ತದೆ, ಉಳಿದವು ಬರೀ ಪ್ರೇಕ್ಷಕರು. ಆಗ ಒಂದೂವರೆ ಯೂನಿಟ್‌ನ ಬಿಲ್ಲೆ ಮಾಡಿ. ಇಲ್ಲವೇ ನಿಮ್ಮ ಸಮ ಬಿಲ್ಲೆಗಳು ಸಮ ಇರಲಿಲ್ಲ, ಅವುಗಳಲ್ಲೇ ಒಂದು ಮೊದಲೇ ಗುಟ್ಟಾಗಿ ಲೀಡರ್ ಆಗಿತ್ತು. ಇದು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗುತ್ತದೆ. ಪ್ರತಿಯೊಂದನ್ನೂ ಒಂಟಿಯಾಗಿ ಮೂರು ನಿಮಿಷ ಪರೀಕ್ಷಿಸಿ, ಗುಳ್ಳೆ ಹೆಚ್ಚುಕಡಿಮೆ ಒಂದೇ ಅಳತೆಗೆ ಬರುವವನ್ನು ಮಾತ್ರ ಇಟ್ಟುಕೊಳ್ಳಿ.

ಎಂಐಟಿಯವರು ಇಷ್ಟಕ್ಕೇ ನಿಲ್ಲಲಿಲ್ಲ. ಬಿಲ್ಲೆಗಳ ಈ ಬಡಿತದಿಂದ ಏರಿಳಿಯುವ ವಿದ್ಯುತ್ ಪಡೆದು, ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ರೋಬೋ ತೋಳನ್ನು ಆಡಿಸಿದರು. ಅಷ್ಟು ಸಣ್ಣ ಯಂತ್ರದೊಳಗೆ ಗಡಿಯಾರದ ಎಲೆಕ್ಟ್ರಾನಿಕ್ ಚಿಪ್ ಕೂರಿಸುವುದು ಕಷ್ಟ, ಹೊರಗಿನ ರಾಸಾಯನಿಕದಿಂದಲೇ ಗಡಿಯಾರ ಸಿಕ್ಕರೆ ಆ ಕಷ್ಟ ಇಲ್ಲ.

ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಇದ್ದರೆ

ನಿಜವಾದ ಸೂಕ್ಷ್ಮ ಕಣಗಳ ಬಡಿತ ನೋಡಬೇಕು ಅನ್ನುವವರಿಗೆ ಗುಳ್ಳೆ ಇಲ್ಲದ ಇನ್ನೊಂದು ದಾರಿ ಇದೆ: ಸಿಲ್ವರ್ ಕ್ಲೋರೈಡ್. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಆಯುಷ್ಮಾನ್ ಸೇನ್ ಅವರ ತಂಡ 2009ರಲ್ಲಿ ಈ ಕಣಗಳು ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಮೀನಿನ ಹಿಂಡಿನ ಹಾಗೆ ಗುಂಪು ಕಟ್ಟುವುದನ್ನು ತೋರಿಸಿತು. 2010ರಲ್ಲಿ ಅದಕ್ಕೆ ಪೆರಾಕ್ಸೈಡ್ ಸೇರಿಸಿದಾಗ ಗುಂಪು ಕೂಡುವುದು, ಚದುರುವುದು ಒಂದರ ಹಿಂದೆ ಒಂದು ನಡೆಯತೊಡಗಿತು. ಬೆಳಕು ಕಣದ ಮೇಲ್ಮೈಯಲ್ಲಿ ಬೆಳ್ಳಿಯನ್ನು ಬಿಡಿಸುತ್ತದೆ, ಪೆರಾಕ್ಸೈಡ್ ಆ ಬೆಳ್ಳಿಯನ್ನು ಮತ್ತೆ ಕ್ಲೋರೈಡ್ ಮಾಡುತ್ತದೆ. ಕಣದ ಸುತ್ತ ಹರಡುವ ಅಯಾನುಗಳು ಪಕ್ಕದ ಕಣಗಳನ್ನು ತಳ್ಳುತ್ತವೆ, ಎಳೆಯುತ್ತವೆ. ಹೀಗೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪುತ್ತದೆ.

ಇದನ್ನು ಮೇಷ್ಟ್ರ ಜೊತೆಯಲ್ಲಿ, ಲ್ಯಾಬಿನಲ್ಲೇ ಮಾಡಿ. ತೆಳುವಾದ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಉಪ್ಪಿನ ನೀರು ಬೆರೆಸಿದರೆ ಬಿಳಿ ಗಸಿ ಬೀಳುತ್ತದೆ. ಆ ಗಸಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ, ಇದನ್ನು ಬಿಡಬೇಡಿ. ಉಪ್ಪು ಉಳಿದರೆ ಅಯಾನುಗಳ ಸಣ್ಣ ಏರಿಳಿತ ಅದರಲ್ಲಿ ಮುಚ್ಚಿಹೋಗಿ ಕಣಗಳು ಅಲುಗುವುದೇ ಇಲ್ಲ. ಒಂದು ಹನಿ ಸ್ಲೈಡಿನ ಮೇಲೆ, ಪೆರಾಕ್ಸೈಡ್ ಸೇರಿ ಒಟ್ಟು ಶೇ ಅರ್ಧದಿಂದ ಒಂದರ ಒಳಗೆ, 20 ಅಥವಾ 40 ಪಟ್ಟಿನ ಲೆನ್ಸ್, ಪಕ್ಕದಿಂದ 365 ನ್ಯಾನೋಮೀಟರ್ ಯುವಿ ಟಾರ್ಚ್. ಯುವಿ ತಡೆಯುವ ಕನ್ನಡಕ ಹಾಕಿಕೊಂಡೇ ಟಾರ್ಚ್ ಹಚ್ಚಿ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ಉಳಿದ ಬೆಳ್ಳಿ ನೀರನ್ನು ಸಿಂಕಿಗೆ ಸುರಿಯದೆ ಲ್ಯಾಬಿನ ತ್ಯಾಜ್ಯದ ಬಾಟಲಿಗೆ ಹಾಕಿ. ಮನೆಯ ಪ್ರಯೋಗದ ದ್ರಾವಣವನ್ನು ಮಾತ್ರ ಬೇಕಾದಷ್ಟು ನೀರು ಬೆರೆಸಿ ಚರಂಡಿಗೆ ಬಿಡಬಹುದು, ಗೋಲಿ ಬಿಲ್ಲೆಗಳನ್ನು ಸೋಸಿ ಕಸಕ್ಕೆ ಹಾಕಿದ ಮೇಲೆ.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಪ್ರಶ್ನೆಯನ್ನು ನೀವೇ ಅದೇ ಮುಚ್ಚಳದಲ್ಲಿ ಕೇಳಬಹುದು. ಎರಡು ಯೂನಿಟ್‌ನ ಹೊಸ ಬಿಲ್ಲೆ ಎರಡು ಮಾಡಿ. ಈ ಸಲ ಮೂರು ಸಮ ಬಿಲ್ಲೆಗಳ ಜೊತೆ ಆ ಎರಡನ್ನೂ ಒಟ್ಟಿಗೆ ಇಳಿಸಿ, ಇಪ್ಪತ್ತು ಒಡೆತ ಅಳೆದು, ಭಾಗಿಸಿ ಬಂದ ಅಂಕಿಯನ್ನು ಒಂದೇ ಲೀಡರ್ ಇದ್ದಾಗಿನ ಅಂಕಿಯ ಪಕ್ಕದಲ್ಲಿ ಬರೆಯಿರಿ.